ಒಂದು ಎತ್ತರ, ಒಂದು ಗಿಡ್ಡ

ಪ್ರಯೋಗಾಲಯದ ಫ್ರಿಜ್ಜುಗಳ ಕೋಣೆಯಲ್ಲಿ ಯಾರೂ ಇಲ್ಲದ್ದು ನೋಡಿಕೊಂಡು ಅಕ್ಕ ನೆಲದ ಮೇಲೆ ಕೂತಳು. ಕೂತದ್ದು ದಣಿವಿಗಲ್ಲ, ಏಳಲಿಕ್ಕೆ. ಎರಡೂ ಕೈ ಎದೆಗೆ ಕಟ್ಟಿಕೊಂಡು, ಗೋಡೆಗಾಗಲಿ ಮೊಣಕಾಲಿಗಾಗಲಿ ತಾಗಿಸದೆ ಎದ್ದು ನಿಂತಳು. ಎದ್ದದ್ದೇನೋ ಸರಿ. ಆದರೆ ನಿನ್ನೆಗಿಂತ ಕಷ್ಟವಾಯಿತೋ ಹೇಗೆ? ಎಡತೊಡೆ ಒಂಚೂರು ನಡುಗಿತಲ್ಲವೇ? ಇನ್ನೊಮ್ಮೆ ನೋಡಿಯೇಬಿಡೋಣ ಎಂದು ಮತ್ತೆ ಕೂತಳು. ಹೀಗೆ ಕೂತು ಎದ್ದು, ಕೂತು ಎದ್ದು, ಶಾಲೆಯಲ್ಲಿ ತಂಟೆಕೋರರಿಗೆ ಬಸ್ಕಿ ಹೊಡೆಸಿದ ಹಾಗೆ ತನಗೆ ತಾನೇ ಹೊಡೆಸಿಕೊಂಡರೆ ಯಾರ ತೊಡೆ ತಾನೇ ನಡುಗದೆ ಇದ್ದೀತು? ಅಷ್ಟೆಲ್ಲ ಓದಿದವಳಿಗೆ ಇಷ್ಟು ಹೊಳೆಯಬಾರದೇ? ಬಾಗಿಲ ಹತ್ತಿರ ಯಾರದೋ ಚಪ್ಪಲಿ ಸದ್ದಾದದ್ದೇ ತಡ, ಕೋಟಿನ ಧೂಳು ಕೊಡವಿಕೊಂಡು, ಬೇಡದ ಡಬ್ಬಿಯೊಂದನ್ನು ಕೈಗೆತ್ತಿಕೊಂಡು ಹೊರಗೆ ಬಂದಳು.

ಈ ಹೆದರಿಕೆ ಹುಟ್ಟಿದ್ದು ತಂಗಿಯಿಂದ. ತಂಗಿ ಎಂದರೆ ಕಾಲು ಗಂಟೆಗೆ ಚಿಕ್ಕವಳು. ಒಂದೇ ಅಂಡ ಎರಡಾಗಿ ಹುಟ್ಟಿದ ಅವಳಿ ಅವರು. ಚಿಕ್ಕಂದಿನಲ್ಲಿ ಹೆತ್ತ ತಾಯಿಯೇ ಗುರುತು ತಪ್ಪಿ ಒಬ್ಬಳಿಗೆ ಎರಡು ಸಲ ಉಣಿಸಿ, ಇನ್ನೊಬ್ಬಳು ಚೀರಿದಾಗ ‘ಈಗ ತಾನೇ ಉಂಡೆಯಲ್ಲೇ’ ಎಂದು ಗದರಿದ್ದುಂಟು. ಆ ಕಾಲು ಗಂಟೆಯ ಹಿರಿತನವನ್ನು ಅಕ್ಕ ಬಿಟ್ಟುಕೊಟ್ಟವಳಲ್ಲ. ತಂಗಿ ‘ಅಕ್ಕಾ’ ಎಂದು ಎಳೆದು ಕರೆಯುವಾಗ ಅದರಲ್ಲಿ ಮರ್ಯಾದೆಗಿಂತ ಗೇಲಿಯೇ ಹೆಚ್ಚು. ಅಕ್ಕ ಓದಿ ಆಸ್ಪತ್ರೆಯ ಪ್ರಯೋಗಾಲಯ ಸೇರಿದಳು. ತಂಗಿಗೆ ಪುಸ್ತಕ ಕಂಡರೆ ತಲೆನೋವು. ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಸೇರಿ ಅಲ್ಲಿ ಮೆರೆದಳು. ಒಂದು ದಿನ, ಗಿರಾಕಿಯ ಕೂದಲು ಒಣಗಿಸುತ್ತಿದ್ದವಳ ಕೈ ಮೇಲೆ ನಿಲ್ಲದೆ ಇಳಿದು ಬಂತು. ದಣಿವು ಎಂದುಕೊಂಡಳು. ಆಮೇಲೆ ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಆಮೇಲೆ ನೆಲದಿಂದ ಏಳಬೇಕಾದರೆ ಮೊದಲು ಮೊಣಕಾಲಿಗೆ, ನಂತರ ತೊಡೆಗೆ ಕೈಯೂರಿ, ತನ್ನ ಮೈಯನ್ನೇ ತಾನು ಏಣಿ ಮಾಡಿಕೊಂಡು ಏಳುವ ಹಾಗಾಯಿತು. ಈಗ ಗಾಲಿಕುರ್ಚಿಯಲ್ಲಿದ್ದಾಳೆ. ಬೆರಳುಗಳು ಮಾತ್ರ ಇನ್ನೂ ಚುರುಕು. ಕೂತಲ್ಲೇ ಅಮ್ಮನ ಕೂದಲು ಕತ್ತರಿಸುತ್ತಾಳೆ, ಹೊಗಳದಿದ್ದರೆ ಓರೆ ಮಾಡುತ್ತಾಳೆ.

ಕಾಯಿಲೆ ಜೀನಿನದು. ಸ್ನಾಯುವಿನ ಎಳೆಗಳಿಗೆ ಅಂಚು ಕಟ್ಟಿ ಗಟ್ಟಿಯಾಗಿ ಹಿಡಿಯುವ ಒಂದು ಪ್ರೋಟೀನು ಇದೆ. ಅದನ್ನು ಮಾಡುವ ಜೀನು ಎಕ್ಸ್ ಎಂಬ ಕ್ರೋಮೋಸೋಮಿನ ಮೇಲಿರುತ್ತದೆ. ಹೆಣ್ಣಿಗೆ ಅಂಥ ಎಕ್ಸ್ ಎರಡು, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಈ ಮನೆಯ ಮಕ್ಕಳಿಗೆ ಅಪ್ಪನಿಂದ ಬಂದದ್ದರಲ್ಲಿ ಆ ಜೀನು ಕೆಟ್ಟಿತ್ತು. ಅಪ್ಪನಲ್ಲಿ ಅದು ಚೆನ್ನಾಗಿಯೇ ಇತ್ತು. ಮಗುವಿಗೆಂದು ನಕಲು ಆಗುವಾಗ ಎಲ್ಲೋ ಎಡವಟ್ಟಾಗಿತ್ತು. ಅಪ್ಪ ಈಗಿಲ್ಲ. ಇದ್ದಿದ್ದರೆ ಈ ಮಾತು ಕೇಳಿಯೇ ಹಾಸಿಗೆ ಹಿಡಿಯುತ್ತಿದ್ದ, ಅಂಥ ಮನುಷ್ಯ.

ಒಂದು ಕೆಟ್ಟರೆ ಇನ್ನೊಂದಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಅಲ್ಲೇ ಇರುವುದು ಸಮಸ್ಯೆ. ಪ್ರತಿ ಜೀವಕೋಶದಲ್ಲೂ ಇಡೀ ದೇಹಕ್ಕೆ ಬೇಕಾದ ಎಲ್ಲ ಜೀನುಗಳೂ ಇರುತ್ತವೆ. ಆದರೆ ಕಣ್ಣಿನ ಕೋಶ ಜೊಲ್ಲು ಸುರಿಸುವುದಿಲ್ಲ, ನಾಲಿಗೆಯ ಕೋಶ ಉಗುರು ಬೆಳೆಸುವುದಿಲ್ಲ. ತನಗೆ ಬೇಕಾದ್ದನ್ನು ತೆರೆದಿಟ್ಟುಕೊಂಡು ಉಳಿದದ್ದಕ್ಕೆ ಸಣ್ಣ ಸಣ್ಣ ರಾಸಾಯನಿಕ ಮುಚ್ಚಳ ಹಾಕಿ ಸುಮ್ಮನಾಗಿಸುತ್ತದೆ. ಹೆಣ್ಣಿನ ಎರಡು ಎಕ್ಸ್‌ಗಳಲ್ಲೂ ಹಾಗೆಯೇ. ಎರಡೂ ಒಟ್ಟಿಗೆ ಕೆಲಸ ಮಾಡಿದರೆ ಅತಿಯಾದೀತೆಂದು, ತಾಯಿಯ ಹೊಟ್ಟೆಯಲ್ಲಿ ಮಗು ಸಾಸಿವೆಯಷ್ಟೂ ಆಗದಿರುವಾಗಲೇ ಪ್ರತಿ ಕೋಶವೂ ಚೀಟಿ ಎತ್ತಿದ ಹಾಗೆ ಯಾವುದೋ ಒಂದನ್ನು ಮುಚ್ಚಿಬಿಡುತ್ತದೆ. ಆ ಕೋಶದ ಮಕ್ಕಳು, ಮೊಮ್ಮಕ್ಕಳು ಎಲ್ಲ ಆ ತೀರ್ಮಾನಕ್ಕೇ ಕಟ್ಟುಬಿದ್ದು ಬಾಳುತ್ತವೆ. ಸಾಮಾನ್ಯವಾಗಿ ಅರ್ಧಕ್ಕರ್ಧ ಹಂಚಿಕೆಯಾಗುತ್ತದೆ. ತಂಗಿಯ ಸ್ನಾಯುವಿನಲ್ಲಿ ಹಾಗಾಗಲಿಲ್ಲ. ಬಹುತೇಕ ಎಲ್ಲ ಕಡೆ ಒಳ್ಳೆಯದು ಮುಚ್ಚಿಹೋಗಿ ಕೆಟ್ಟದ್ದು ತೆರೆದುಕೊಂಡಿತು. ಅವಳಿಯಾದ್ದರಿಂದ ಆ ಕೆಟ್ಟ ಜೀನು ಅಕ್ಕನಲ್ಲೂ ಇದ್ದೇ ಇದೆ. ಅವಳಲ್ಲಿ ಯಾವುದು ಮುಚ್ಚಿದೆ ಎಂಬುದೊಂದೇ ಪ್ರಶ್ನೆ.

ಅಕ್ಕನ ಕೆಲಸವೇ ಅದನ್ನು ಅಳೆಯುವುದು. ರಕ್ತದಿಂದ ಡಿಎನ್ಎ ತೆಗೆದು, ಮುಚ್ಚಳವಿಲ್ಲದ್ದನ್ನು ಮಾತ್ರ ಕತ್ತರಿಸುವ ಕಿಣ್ವ ಹಾಕಿದರೆ, ತೆರೆದದ್ದು ಚೂರಾಗಿ ಮುಚ್ಚಿದ್ದು ಉಳಿಯುತ್ತದೆ. ಉಳಿದದ್ದನ್ನು ಯಂತ್ರ ಪರದೆಯ ಮೇಲೆ ಎರಡು ಶಿಖರ ಮಾಡಿ ತೋರಿಸುತ್ತದೆ, ಅಮ್ಮನದೊಂದು, ಅಪ್ಪನದೊಂದು. ಎತ್ತರ ಕಂಡದ್ದು ಮುಚ್ಚಿದ್ದು, ಗಿಡ್ಡ ಕಂಡದ್ದು ತೆರೆದದ್ದು. ತಂಗಿಯ ರಕ್ತ ಬಂದಾಗ ಅಮ್ಮನದು ಮುಗಿಲಿಗೆ, ಅಪ್ಪನದು ನೆಲಕ್ಕೆ: ಒಳ್ಳೆಯದು ಮುಚ್ಚಿತ್ತು, ಕೆಟ್ಟದ್ದು ತೆರೆದಿತ್ತು. ತನ್ನ ರಕ್ತವನ್ನು ಮಾತ್ರ ಅವಳು ಇಷ್ಟು ವರ್ಷ ಮುಟ್ಟಿರಲಿಲ್ಲ. ಓಡಾಡಿಕೊಂಡು ಚೆನ್ನಾಗಿದ್ದೇನಲ್ಲ, ಸುಮ್ಮನೆ ಯಾಕೆ ಕೆದಕಬೇಕು ಎಂದು ಬಿಟ್ಟಿದ್ದಳು.

ಆಗ ಅಮ್ಮನ ಸೊಂಟ ಕೈಕೊಟ್ಟಿತು. ತಂಗಿಯನ್ನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಎತ್ತಿ ಎತ್ತಿ ಬೆನ್ನಿನ ಬಿಲ್ಲೆ ಜಾರಿತ್ತು. ‘ಇನ್ನು ನೀನು ಬಂದುಬಿಡಮ್ಮ, ನನ್ನ ಕೈಲಾಗಲ್ಲ’ ಎಂದಳು ಅಮ್ಮ. ಬಾಯಿ ಬಿಟ್ಟು ಏನನ್ನೂ ಕೇಳಿದವಳಲ್ಲ ಆಕೆ. ಅಕ್ಕ ಆಸ್ಪತ್ರೆಯ ಹತ್ತಿರ ಬಾಡಿಗೆ ಕೋಣೆಯಲ್ಲಿದ್ದಳು. ‘ಈ ತಿಂಗಳ ಕೊನೆಗೆ ಬರ್ತೀನಮ್ಮ’ ಎಂದು ಮಾತು ಕೊಟ್ಟಳು. ಮಾತು ಕೊಟ್ಟ ಮೇಲೆ, ಹೊರೆ ಹೊರುವ ಮುಂಚೆ ಹೆಗಲು ನೋಡಿಕೊಳ್ಳೋಣ ಎನಿಸಿತು. ಗೆಳತಿಯೊಬ್ಬಳಿಂದ ತೋಳಿನ ರಕ್ತ ತೆಗೆಸಿಕೊಂಡು, ಹೆಸರಿನ ಬದಲು ಸುಳ್ಳು ಸಂಖ್ಯೆ ಬರೆದು ಯಂತ್ರಕ್ಕೆ ಹಾಕಿದಳು.

ಅಮ್ಮನದು ಮುಗಿಲಿಗೆ, ಅಪ್ಪನದು ನೆಲಕ್ಕೆ.

ಅವರ ವಿಭಾಗದ ಮೇಡಂ ಹೊಸಬರಿಗೆಲ್ಲ ಹೇಳಿಕೊಡುವ ಮೊದಲ ಪಾಠ ಒಂದಿತ್ತು: ಫಲಿತಾಂಶ ನಂಬುವ ಮುಂಚೆ ನಿನ್ನ ಕೈಯನ್ನು ಅನುಮಾನಿಸು. ಅಕ್ಕ ಅನುಮಾನಿಸಿದಳು. ಹೊಸದಾಗಿ ರಕ್ತ ತೆಗೆಸಿದಳು, ಕಿಣ್ವದ ಹೊಸ ಶೀಶೆ ತೆರೆದಳು, ಕೊಳವೆಗಳಿಗೆ ಬೇರೆ ಬಣ್ಣದ ಮುಚ್ಚಳ ಹಾಕಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಮತ್ತೆ ಅದೇ. ತಂಗಿಯ ಚಿತ್ರದ ಮೇಲೆ ತನ್ನದನ್ನು ಇಟ್ಟು ನೋಡಿದರೆ ಒಂದು ಕೂದಲೆಳೆಯೂ ಆಚೀಚೆ ಇರಲಿಲ್ಲ. ಕೈ ತಪ್ಪಿರಲಿಲ್ಲ. ಹಾಗಾದರೆ ತನ್ನ ಸರದಿ ತಡವಾಗಿದೆ ಅಷ್ಟೇ ಎಂದು ತೀರ್ಮಾನಿಸಿಕೊಂಡಳು. ಅವತ್ತಿನಿಂದ ಶುರುವಾದದ್ದು ಈ ಬಸ್ಕಿ.

ತಿಂಗಳ ಕೊನೆ ಬಂತು, ಹೋಯಿತು. ಅಕ್ಕ ಕದಲಲಿಲ್ಲ. ಕೋಣೆಯ ಮಾಲೀಕರು ಊರಲ್ಲಿಲ್ಲ ಎಂದಳು, ಕೆಲಸದ ಒತ್ತಡ ಎಂದಳು, ನೆಗಡಿ ಎಂದಳು. ಸಬೂಬು ಹುಡುಕುವುದರಲ್ಲಿ ಅವಳಿಗೆ ಅಭ್ಯಾಸವಿರಲಿಲ್ಲ, ಹಾಗಾಗಿ ಹೇಳಿದ್ದನ್ನೇ ಎರಡೆರಡು ಸಲ ಹೇಳಿ ಸಿಕ್ಕಿಬೀಳುತ್ತಿದ್ದಳು. ಹೋಗಿ ಏನು ಮಾಡಲಿ? ಇವತ್ತು ತಂಗಿಯನ್ನು ಎತ್ತುತ್ತೇನೆ. ನಾಲ್ಕು ದಿನ ಕಳೆದು ನಾನೇ ನೆಲ ಹಿಡಿದರೆ? ಸೊಂಟ ಬಿದ್ದ ಮುದುಕಿಯ ಮುಂದೆ ಎರಡು ಗಾಲಿಕುರ್ಚಿ ಇಡಲೇ? ಬಸ್ಸು ಹತ್ತುವಾಗ ಕಂಬಿ ಹಿಡಿಯದೆ ಹತ್ತಬೇಕೆಂದು ಹಟ ಹಿಡಿದು, ಒಮ್ಮೆ ಹಿಂದಿನವರ ಮೇಲೆ ಬಿದ್ದು ಬೈಸಿಕೊಂಡೂ ಆಯಿತು. ಜೋಲಿ ತಪ್ಪಿದ್ದು ಸ್ನಾಯುವಿನಿಂದಲೋ ಹಟದಿಂದಲೋ ಎಂದು ಆ ದಿನವೆಲ್ಲ ತಲೆ ಕೆಡಿಸಿಕೊಂಡಳು.

ಒಂದು ಭಾನುವಾರ ತಪ್ಪಿಸಿಕೊಳ್ಳಲಾಗದೆ ಮನೆಗೆ ಹೋದಳು. ಎರಡನೇ ಮಹಡಿಯ ಮನೆ. ಮೆಟ್ಟಿಲಿನ ಕಂಬಿಯಿಂದ ಕೈ ದೂರವಿಟ್ಟುಕೊಂಡು ಹತ್ತಿದಳು. ಬಾಗಿಲು ತೆರೆದೇ ಇತ್ತು. ಎದುರಿಗೆ ಕುರ್ಚಿಯಲ್ಲಿ ತಂಗಿ, ಮಡಿಲಲ್ಲಿ ಬಾಚಣಿಗೆ, ಕತ್ತರಿ. ಅವಳ ಕಣ್ಣು ಅಕ್ಕನ ಮುಖದ ಮೇಲಿರಲಿಲ್ಲ, ಕಾಲಿನ ಮೇಲಿತ್ತು.

“ಬಂದ್ಯಾ ಅಕ್ಕಾ? ದಾರಿ ತಪ್ಪಿ ಬಂದೆಯೇನೋ ಅಂದ್ಕೊಂಡೆ,” ಎಂದಳು ತಂಗಿ.

“ಕೆಲಸ ಕಣೇ. ಮೇಡಂ ಬಿಡ್ತಾನೇ ಇಲ್ಲ.”

“ಹೋದ ವಾರ ನೆಗಡಿ, ಈ ವಾರ ಮೇಡಂ. ಬಾ, ಕೂತ್ಕೋ. ತಲೆಗೂದಲು ನೋಡು, ಯಾರೋ ಕಚ್ಚಿ ಬಿಟ್ಟ ಹಾಗಿದೆ. ಸರಿ ಮಾಡ್ತೀನಿ.”

ತಂಗಿಯ ಕೈಗೆ ತಲೆ ಸಿಗಬೇಕಾದರೆ ಅವಳ ಕಾಲ ಬಳಿ ನೆಲದ ಮೇಲೆ ಕೂರಬೇಕು. ಕೂತರೆ ಏಳಬೇಕು. ಎದುರಿಗೆ ತಂಗಿಯೇ ಇರುವಾಗ ಆ ತೊಡೆ ಏನಾದರೂ ಹೇಳಿಬಿಟ್ಟರೆ? “ಈಗ ಬೇಡ, ಆಮೇಲೆ,” ಎಂದಳು ಅಕ್ಕ. ತಂಗಿ ಕತ್ತರಿಯನ್ನು ಸುಮ್ಮನೆ ತೆರೆದು ಮುಚ್ಚಿ ಮಡಿಲಲ್ಲಿಟ್ಟುಕೊಂಡಳು.

ಬಚ್ಚಲಿಗೆ ಹೋಗುವ ಹೊತ್ತಾಯಿತು. ಅಮ್ಮ ಸೊಂಟಕ್ಕೆ ಅಗಲದ ಪಟ್ಟಿ ಬಿಗಿದುಕೊಂಡು, ಹಲ್ಲು ಕಚ್ಚಿ, ಮಗಳನ್ನು ಕುರ್ಚಿಯಿಂದ ಎಬ್ಬಿಸಿದಳು. “ನಾನು ಹಿಡೀತೀನಿ ಬಿಡಮ್ಮ,” ಎಂದು ಅಕ್ಕ ಮುಂದೆ ಬಂದವಳು ಅರ್ಧದಲ್ಲೇ ನಿಂತಳು. ಭಾರ ಎತ್ತಿದರೆ ದುರ್ಬಲ ಸ್ನಾಯು ಬೇಗ ಹರಿಯುತ್ತದೆ ಎಂದು ಎಲ್ಲೋ ಓದಿದ್ದು ಅದೇ ಗಳಿಗೆಗೆ ನೆನಪಾಗಬೇಕೇ? ಅಷ್ಟರಲ್ಲಿ ಅಮ್ಮ ಮುಲುಗುತ್ತ ದಾಟಿಸಿಬಿಟ್ಟಿದ್ದಳು. ಅಮ್ಮನ ಭುಜದ ಮೇಲಿಂದ ತಂಗಿ ಅಕ್ಕನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು. ಸಿಟ್ಟಿರಲಿಲ್ಲ. ಅವತ್ತು ಮನೆಯಿಂದ ಹೊರಟವಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು, ಬಸ್ಸಿನಲ್ಲಿ ಮುಖ ಕಿಟಕಿಗೆ ತಿರುಗಿಸಿಕೊಂಡು ಅತ್ತಳು.

ಮರುದಿನ ಬೆಳಿಗ್ಗೆ ಮೇಡಂ ಕರೆದರು. ಮೇಡಂ ಎಂದರೆ ಕುಳ್ಳಗಿನ, ಕನ್ನಡಕವನ್ನು ಸದಾ ತಲೆಯ ಮೇಲಿಟ್ಟುಕೊಂಡು ಸದಾ ಹುಡುಕುವ ಹೆಂಗಸು. ಬೈದರೆ ಗಾಜು ಅದುರುತ್ತದೆ. ಬೈದ ಅರ್ಧ ಗಂಟೆಗೆ ತಾವೇ ಕಾಫಿ ತರಿಸುತ್ತಾರೆ. ಅವರ ಪರದೆಯ ಮೇಲೆ ಎರಡು ಚಿತ್ರ ಅಕ್ಕಪಕ್ಕ ಇದ್ದವು.

“ಇದು ನಿನ್ನ ತಂಗಿದು, ನನಗೆ ಗೊತ್ತು. ಇದು ಯಾರದು?” ಎಂದರು. “ಸಂಖ್ಯೆ ನಮ್ಮ ಲೆಕ್ಕದಲ್ಲೇ ಇಲ್ಲ. ತಂಗಿ ಕೊಳವೇನೇ ಎರಡು ಸಲ ಓಡಿಸಿ ಬೇರೆ ಹೆಸರು ಹಾಕಿದ್ದೀಯಲ್ಲ! ಇಷ್ಟು ವರ್ಷ ಆದ ಮೇಲೆ ಕೊಳವೆ ಅದಲುಬದಲು ಮಾಡೋದಾ? ನಾಳೆ ಯಾರದೋ ಮಗೂ ರಿಪೋರ್ಟು ಇನ್ಯಾರಿಗೋ ಹೋದ್ರೆ?”

“ಅದಲುಬದಲು ಆಗಿಲ್ಲ ಮೇಡಂ.”

“ಮತ್ತೆ? ಎರಡೂ ಒಬ್ಬರದೇ. ಕುರುಡರಿಗೂ ಕಾಣುತ್ತೆ.”

“ಅದು ನಂದು,” ಎಂದಳು ಅಕ್ಕ. ಅಷ್ಟು ದಿನ ಬಾಯಿಗೆ ಹಾಕಿಕೊಂಡಿದ್ದ ಬೀಗ ಅಲ್ಲೇ ಕಳಚಿ ಬಿತ್ತು. ಸುಳ್ಳು ಸಂಖ್ಯೆ, ಹೊಸ ಶೀಶೆ, ಫ್ರಿಜ್ಜಿನ ಕೋಣೆಯ ಬಸ್ಕಿ, ಅಮ್ಮನ ಸೊಂಟ, ಎಲ್ಲ ಒಂದರ ಹಿಂದೊಂದು ಬಂತು.

ಮೇಡಂ ಬೈಯಲಿಲ್ಲ. ತಲೆಯ ಮೇಲಿಂದ ಕನ್ನಡಕ ಇಳಿಸಿ ಹಾಕಿಕೊಂಡು, ಪರದೆಯ ಬದಲು ಅವಳನ್ನು ನೋಡಿದರು. “ಅಮ್ಮನ ಹೊಟ್ಟೇಲಿ ನಿಮ್ಮಿಬ್ಬರಿಗೂ ಮಾಸು, ಅದೇ ಪ್ಲಾಸೆಂಟಾ, ಒಂದೇನಾ, ಎರಡಾ?”

“ಗೊತ್ತಿಲ್ಲ.”

“ಗೊತ್ತಿಲ್ವಾ! ಇದೇ ಬೇರೆ ಯಾರೋ ಅವಳಿಗಳ ರಕ್ತ ಬಂದಿದ್ರೆ ನೀನೇ ನನಗೆ ಪಾಠ ಹೇಳ್ತಿದ್ದೆ. ಮಾಸು ಒಂದೇ ಆದ್ರೆ ಒಳಗೆ ರಕ್ತನಾಳಕ್ಕೆ ರಕ್ತನಾಳ ಕೂಡಿಕೊಂಡಿರುತ್ತೆ. ರಕ್ತ ಹುಟ್ಟಿಸೋ ಕೋಶಗಳು ಅವಳಿಂದ ನಿನಗೆ, ನಿನ್ನಿಂದ ಅವಳಿಗೆ ಓಡಾಡಿ ಅಲ್ಲೇ ಬೀಡುಬಿಟ್ಟಿರುತ್ತವೆ. ನಿನ್ನ ತೋಳಿಂದ ತೆಗೆದ ರಕ್ತದಲ್ಲಿ ಅವಳ ಚೀಟಿಯೂ ಇದೆ, ನಿನ್ನ ಚೀಟಿಯೂ ಇದೆ, ಕಲಸಿಹೋಗಿದೆ. ಅದನ್ನ ಅಳೆದು ನಿನ್ನ ತೊಡೆ ಹೀಗಿದೆ ಅಂದ್ರೆ ಹ್ಯಾಗೆ? ಕೈಯನ್ನ ಅನುಮಾನಿಸು ಅಂದಿದ್ದೆ. ರಕ್ತವನ್ನ ಅನುಮಾನಿಸು ಅಂತ ಹೇಳೋದು ಮರೆತೆ ನೋಡು.”

ಇದು ಅಕ್ಕನಿಗೆ ಗೊತ್ತಿದ್ದ ವಿಷಯವೇ. ಬೇರೆಯವರ ರಿಪೋರ್ಟಿನ ಕೆಳಗೆ ತಾನೇ ಎಷ್ಟೋ ಸಲ ಬರೆದದ್ದು. ಒಂದು ಗಳಿಗೆ ಹಗುರಾಯಿತು, ಮರುಗಳಿಗೆ ಮತ್ತೆ ಹೆದರಿಕೆ ಹತ್ತಿತು. ರಕ್ತ ಸುಳ್ಳು ಹೇಳಿದ್ದರೆ ತೊಡೆ ಏನು ಹೇಳುತ್ತದೆ? ಅದಕ್ಕಿಂತ ಕೆಟ್ಟದ್ದನ್ನೂ ಹೇಳಬಹುದಲ್ಲ.

“ಮೊದಲು ಅಮ್ಮನ್ನ ಕೇಳು,” ಎಂದರು ಮೇಡಂ. “ಆಮೇಲೆ ಸ್ನಾಯುವಿನ ಡಾಕ್ಟರಿಗೆ ನಾನು ಹೇಳ್ತೀನಿ. ತೊಡೆಯಿಂದ ಅಕ್ಕಿಕಾಳಿನಷ್ಟು ಸ್ನಾಯು ತೆಗೀತಾರೆ. ಆ ಪ್ರೋಟೀನು ಇದ್ದ ಕಡೆ ಮಾತ್ರ ಹೊಳೆಯೋ ಬಣ್ಣ ಹಾಕಿ ನಾನೇ ನೋಡ್ತೀನಿ. ನೀನು ಹತ್ತಿರ ಸುಳೀಬೇಡ.”

ಆಸ್ಪತ್ರೆಯ ಹಿಂಬದಿಯ ಮೆಟ್ಟಿಲ ಮೇಲೆ ನಿಂತು ಅಕ್ಕ ಅಮ್ಮನಿಗೆ ಫೋನು ಮಾಡಿದಳು. ಹೇಗೆ ಕೇಳುವುದು? ಮೂವತ್ತು ದಾಟಿದ ಮಗಳು ಸೋಮವಾರ ಮಧ್ಯಾಹ್ನ ಫೋನು ಮಾಡಿ ಮಾಸಿನ ವಿಚಾರ ಕೇಳಿದರೆ ಯಾವ ತಾಯಿಗೆ ಅನುಮಾನ ಬರುವುದಿಲ್ಲ? ಊಟ ಆಯಿತೇ ಎಂದಳು, ಸೊಂಟ ಹೇಗಿದೆ ಎಂದಳು, ಕೊನೆಗೆ ಕಣ್ಣುಮುಚ್ಚಿ ಕೇಳಿಯೇಬಿಟ್ಟಳು.

“ಮಾಸಾ? ಒಂದೇ ಇತ್ತು,” ಎಂದಳು ಅಮ್ಮ. “ದಾದಿ ಎತ್ತಿ ತೋರಿಸಿದ್ಳು. ಎರಡು ಹೊಕ್ಕುಳಬಳ್ಳಿ, ಒಂದೇ ಮಾಸು. ನೋಡಮ್ಮಾ, ಒಂದೇ ತಟ್ಟೇಲಿ ಉಂಡು ಬಂದಿದ್ದಾರೆ ಅಂದ್ಳು. ಯಾಕೆ ಕೇಳ್ತಿದ್ದೀ?”

“ಸುಮ್ನೆ. ಕೆಲಸಕ್ಕೆ ಬೇಕಿತ್ತು.”

ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು. ಅಮ್ಮ ಒಲೆ ಆರಿಸಿ ಬಂದಳು. “ನನ್ನ ಹತ್ರ ಸುಳ್ಳು ಹೇಳಬೇಡ. ನೀನು ಬರ್ತೀನಿ ಅಂದು ಬರದೆ ಇದ್ದಾಗಲೇ ನನಗೆ ಏನೋ ಅನಿಸ್ತು. ನಿನಗೂನಾ?”

“ಇನ್ನೂ ಗೊತ್ತಿಲ್ಲಮ್ಮ. ನೋಡ್ತಾರೆ. ಅದಕ್ಕೇ ಬರಲಿಲ್ಲ. ನನಗೂ ಹಾಗೇ ಆದ್ರೆ ನೀನು...” ಎಂದಳು ಅಕ್ಕ.

ಅಮ್ಮ ಅಳುತ್ತಾಳೆ ಎಂದುಕೊಂಡಿದ್ದಳು. ಅಮ್ಮನಿಗೆ ಸಿಟ್ಟು ಬಂತು. “ಹಾಗಾದ್ರೆ ಇನ್ನೂ ಬೇಗ ಬರಬೇಕಾಗಿತ್ತು ತಾನೇ? ಒಬ್ಬಳು ಇಲ್ಲಿ, ಒಬ್ಬಳು ಅಲ್ಲಿ ಇದ್ರೆ ನಾನು ಇಬ್ಬರನ್ನೂ ಹ್ಯಾಗೆ ನೋಡ್ಕೊಳ್ಳಲಿ? ಈ ಸೊಂಟ ಇಟ್ಕೊಂಡು ಬಸ್ಸಲ್ಲಿ ಓಡಾಡಲಾ? ತಲೆ ಇದೆಯಾ ನಿನಗೆ?” ಎಂದು ಫೋನು ಇಟ್ಟುಬಿಟ್ಟಳು.

ತನ್ನನ್ನು ಯಾರು ಎತ್ತುತ್ತಾರೆ ಎಂಬ ಪ್ರಶ್ನೆಯನ್ನು ಹಗಲೂ ಇರುಳೂ ಕೇಳಿಕೊಂಡ ಅಕ್ಕನಿಗೆ, ಸೊಂಟ ಮುರಿದ ಹೆಂಗಸೊಬ್ಬಳು ಒಂದು ಕ್ಷಣವೂ ಮೀನಮೇಷ ಎಣಿಸದೆ ನಾನು ಎಂದಿದ್ದಳು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಅಮ್ಮನ ಮಡಿಲಲ್ಲಿ ತಲೆಯಿಡಬೇಕೆನಿಸಿತು. ಅದೇ ವಾರ ತೊಡೆಯಿಂದ ಅಕ್ಕಿಕಾಳಿನಷ್ಟು ತೆಗೆಸಿಕೊಂಡಳು, ನೋವು ಆರಿದ ಮೇಲೆ ಕೋಣೆ ಖಾಲಿ ಮಾಡಿ, ಎರಡು ಪೆಟ್ಟಿಗೆ, ಒಂದು ದಿಂಬು ಹೊತ್ತುಕೊಂಡು ಮನೆಗೆ ಬಂದಳು. ಫಲಿತಾಂಶ ಇನ್ನೂ ಬಂದಿರಲಿಲ್ಲ. ಕಾಯುತ್ತ ಕೂತಿದ್ದರೆ ಬರುವುದೇ ಆಗುತ್ತಿರಲಿಲ್ಲ ಎಂದು ಅವಳಿಗೇ ಗೊತ್ತಿತ್ತು.

ಮನೆಗೆ ಬಂದ ಮೇಲೆ ತಂಗಿಗೆ ಎಲ್ಲ ಹೇಳಿದಳು. ತಂಗಿ ಕುರ್ಚಿಯ ಕೈಯ ಮೇಲೆ ಬೆರಳಾಡಿಸುತ್ತ ಕೇಳಿದಳು.

“ಅಂದ್ರೆ ನನ್ನ ರಕ್ತ ನಿನ್ನ ಮೈಯೊಳಗೆ ಓಡಾಡ್ತಿದೆ ಅನ್ನು,” ಎಂದಳು.

“ನಂದು ನಿನ್ನ ಮೈಯೊಳಗೆ.”

“ಅದಕ್ಕೇ ನನಗೆ ಆಗಾಗ ಬೋಧನೆ ಮಾಡ್ಬೇಕು ಅನಿಸೋದು.” ತಂಗಿ ನಕ್ಕಳು. ನಗು ಬೇಗ ನಿಂತಿತು. “ನನಗೆ ಗೊತ್ತಾಗಿತ್ತು ಅಕ್ಕಾ. ಮೆಟ್ಟಿಲು ಹತ್ತುವಾಗ ಕಂಬಿ ಮುಟ್ಟಬಾರದು ಅಂತ ಹಟ ಮಾಡ್ತಿದ್ದೆಯಲ್ಲ, ನಾನೂ ಶುರೂನಲ್ಲಿ ಹಾಗೇ ಮಾಡ್ತಿದ್ದೆ. ಒಂದು ಮಾತು ಹೇಳ್ತೀನಿ, ಬೈಬೇಡ. ನಿನಗೂ ಬಂತು ಅಂದ್ಕೊಂಡಾಗ ಒಂದು ಗಳಿಗೆ ಖುಷಿಯಾಯ್ತು. ಒಬ್ಬಳೇ ಅಲ್ಲ ನಾನು ಅಂತ. ಆಮೇಲೆ ಇಡೀ ದಿನ ಊಟ ಸೇರಲಿಲ್ಲ.”

ಅಕ್ಕನಿಗೆ ಬೈಯಬೇಕೆನಿಸಲಿಲ್ಲ. “ನಾನೂ ನಿನ್ನ ಎತ್ತೋಕೆ ಹೆದರಿ ನಿಂತೆ,” ಎಂದಳು. “ಲೆಕ್ಕ ಸರಿಹೋಯ್ತು ಬಿಡು.”

ಅಲ್ಲಿಂದಾಚೆ ಮನೆಯಲ್ಲಿ ಯಾರ ಫೋನು ಬಂದರೂ ಮೂವರೂ ಬೆಚ್ಚುತ್ತಿದ್ದರು. ಬರೀ ಗ್ಯಾಸಿನವನೋ ತಪ್ಪು ನಂಬರೋ ಆಗಿರುತ್ತಿತ್ತು. ತಂಗಿಯನ್ನು ಎತ್ತುವ ಕ್ರಮವನ್ನು ಅಕ್ಕ ಕಲಿತಳು: ಎದುರಿಗೆ ನಿಂತು, ಅವಳ ಕೈ ತನ್ನ ಕೊರಳಿಗೆ ಹಾಕಿಸಿಕೊಂಡು, ಅವಳ ಸೊಂಟಕ್ಕೆ ಬಿಗಿದ ಪಟ್ಟಿ ಹಿಡಿದು, ಎದೆಗೆ ಎದೆ ಒತ್ತಿ ಎಬ್ಬಿಸಿ, ನಿಲ್ಲಿಸಿ, ಮೆಲ್ಲಗೆ ತಿರುಗಿಸಿ, ಕೂರಿಸುವುದು. ಮೊದಲ ಸಲ ಇಬ್ಬರೂ ಹಾಸಿಗೆಯ ಮೇಲೆ ಉರುಳಿದರು. ಅಮ್ಮ ಬಾಗಿಲಲ್ಲಿ ನಿಂತು, ಹೀಗೆ ಹಿಡಿ, ಹಾಗೆ ಹಿಡಿ ಎಂದು ಇಲ್ಲದ ಯಜಮಾನಿಕೆ ಮಾಡಿದಳು.

ಒಂದು ಸಂಜೆ ಹಾಗೇ, ಕುರ್ಚಿಯಿಂದ ಹಾಸಿಗೆಗೆ ದಾಟಿಸುವ ಹೊತ್ತು. ಅಕ್ಕ ತಂಗಿಯನ್ನು ಎಬ್ಬಿಸಿ ನಿಲ್ಲಿಸಿದ್ದಳು, ಇನ್ನೂ ತಿರುಗಿಸಿರಲಿಲ್ಲ. ಅವಳ ಅಂಗಿಯ ಎದೆಯ ಜೇಬಿನಲ್ಲಿದ್ದ ಫೋನು ಗುರ್ರೆಂದು ನಡುಗತೊಡಗಿತು. ಇಬ್ಬರ ಎದೆಯ ನಡುವೆ ಸಿಕ್ಕಿ ಅದು ಇಬ್ಬರಿಗೂ ತಾಗಿತು. ಅಕ್ಕನ ಎರಡೂ ಕೈ ತಂಗಿಯ ಸೊಂಟದ ಪಟ್ಟಿಯಲ್ಲಿದ್ದವು, ಬಿಡುವ ಹಾಗಿರಲಿಲ್ಲ.

“ಬಿಡು, ಆಮೇಲೆ ನೋಡೋಣ,” ಎಂದಳು ಅಕ್ಕ.

“ನಾನು ತೆಗೀತೀನಿ, ಅಲುಗಾಡಬೇಡ.” ತಂಗಿ ಅಕ್ಕನ ಕೊರಳ ಮೇಲಿದ್ದ ಕೈಯನ್ನು ಅಂಗಿಯ ಮೇಲೇ ಜಾರಿಸಿಕೊಂಡು ಬಂದು, ಎರಡು ಬೆರಳಲ್ಲಿ ಫೋನನ್ನು ಮೇಲಕ್ಕೆಳೆದು ಸ್ಪೀಕರಿನ ಗುಂಡಿ ಒತ್ತಿದಳು. ಮೇಡಂ ಧ್ವನಿ ಕೋಣೆಗೆಲ್ಲ ಕೇಳಿಸಿತು.

“ಎಲ್ಲಿದ್ದೀ? ಕೂತಿದ್ದೀಯಾ? ಕೂತ್ಕೊಂಡು ಕೇಳು.”

“ಕೂರೋಕಾಗಲ್ಲ ಮೇಡಂ. ತಂಗೀನ ಎತ್ಕೊಂಡು ನಿಂತಿದ್ದೀನಿ.”

ಆ ಕಡೆಯಿಂದ ಮೇಡಂ ನಕ್ಕದ್ದು ಕೇಳಿಸಿತು. “ಹಾಗಿದ್ರೆ ನಾನು ಹೇಳೋದೇನು ಉಳೀತು? ಸರಿ, ಕೇಳು. ಬಹುಪಾಲು ಎಳೆಗಳ ಅಂಚು ಚೆನ್ನಾಗಿ ಹೊಳೀತಿದೆ. ಅಲ್ಲೊಂದು ಇಲ್ಲೊಂದು ಕಪ್ಪು ಗುಂಪಿದೆ, ಸುಳ್ಳು ಹೇಳಲ್ಲ. ಆ ಪ್ರೋಟೀನು ಹೃದಯಕ್ಕೂ ಬೇಕು, ಅದನ್ನ ವರ್ಷಕ್ಕೊಮ್ಮೆ ತೋರಿಸ್ಕೋಬೇಕು. ಆದ್ರೆ ಕಾಲಿನ ಚಿಂತೆ ಬಿಡು. ನಿನ್ನ ತೊಡೇಲಿ ಚೀಟಿ ನಿನ್ನ ಕಡೆ ಬಿದ್ದಿದೆ. ನಾಳೆ ಬಂದು ನೀನೇ ನೋಡು. ಇನ್ನೊಂದ್ಸಲ ಸುಳ್ಳು ಸಂಖ್ಯೆ ಬರೆದ್ರೆ ಕೆಲಸದಿಂದ ತೆಗೀತೀನಿ.”

ಫೋನು ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಕುಸಿದು ಕೂತಳು. ಅಕ್ಕನಿಗೆ ಮೈಯೆಲ್ಲ ಸಡಿಲವಾದ ಹಾಗಾಯಿತು, ಆದರೆ ಸಡಿಲ ಬಿಡುವಂತಿರಲಿಲ್ಲ. ಕೊರಳ ಪಕ್ಕದಲ್ಲಿ ತಂಗಿಯ ಉಸಿರು ಬಿಸಿಯಾಗಿ ತಾಗುತ್ತಿತ್ತು. ಅವಳ ಮುಖ ಕಾಣುತ್ತಿರಲಿಲ್ಲ. ಅದೇ ಬಸಿರು, ಅದೇ ಜೀನು, ಅದೇ ಮಾಸು. ಬಿದ್ದ ಚೀಟಿ ಮಾತ್ರ ಬೇರೆ. ಖುಷಿಪಡಲಿಕ್ಕೆ ಅಕ್ಕನಿಗೆ ಧೈರ್ಯ ಬರಲಿಲ್ಲ.

“ಖುಷಿ ಆಯ್ತು ಕಣೇ,” ಎಂದಳು ತಂಗಿ, ಅವಳ ಹೆಗಲಿಗೆ ಬಾಯಿ ಒತ್ತಿಕೊಂಡು. “ನಿಜವಾಗ್ಲೂ ಆಯ್ತು. ಹೊಟ್ಟೆನೂ ಉರೀತಿದೆ. ಎರಡೂ ಒಟ್ಟಿಗೇ ಆಗ್ತಿದೆ.”

“ಆಗ್ಲಿ,” ಎಂದಳು ಅಕ್ಕ.

“ಕೂರಿಸು ಇನ್ನು. ನಿನ್ನ ಕೈ ನೋಯುತ್ತೆ.”

“ನೋಯಲ್ಲ,” ಎಂದು ಅಕ್ಕ ಪಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ತಂಗಿ ಮತ್ತೆ ಕೂರಿಸು ಎನ್ನಲಿಲ್ಲ.